ನಮ್ಮ ಹಿತ್ತಲಿನ ಕೋಳಿ ಸಂಸಾರ

“ಅಲ್ಲ ಕಣವ್ವ, ಇಂಗ್ಲೆಂಡ್‌ಗೋಗಿ ಕೋಳಿ ಸಾಕ್ತಿದ್ದೀಯಾ? ಇದ್ಕೇನಾ ನಿನ್ನ ಅಷ್ಟೊಂದು ಓದ್ಸಿದ್ದು?”

2021ರ ಏಪ್ರಿಲ್‌ನಲ್ಲಿ ವಾಟ್ಸಾಪ್ ವಿಡಿಯೋದಲ್ಲಿ ನಮ್ಮ ಹಿತ್ತಲನ್ನು ತೋರಿಸಿದಾಗ ನಮ್ಮವ್ವ ಕೇಳಿದ ಮೊದಲ ಪ್ರಶ್ನೆ ಇದು. ಕೇಳಿ ಜೋರಾಗಿ ನಕ್ಕಳು. ಆಮೇಲೆ ಫೋನನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡು, “ಆ ಬಿಳೇದು ಯಾಕೋ ಮಂಕಾಗದೆ, ನೀರು ಮಡಗಿದ್ದೀಯಾ?” ಎಂದಳು. ಅಲ್ಲಿಂದಾಚೆಗೆ ನಮ್ಮಿಬ್ಬರ ಮಾತಿನಲ್ಲಿ ಮಕ್ಕಳ ಓದು, ಅಳಿಯಂದಿರ ಕೆಲಸ ಎಲ್ಲ ಹಿಂದಕ್ಕೆ ಸರಿದು ಕೋಳಿಗಳೇ ಮುಂದಕ್ಕೆ ಬಂದವು.

ಸಂಘದ ಪಿಕ್‌ನಿಕ್‌ಗಳಲ್ಲಿ, ಹಬ್ಬದ ಊಟದ ಸಾಲಿನಲ್ಲಿ ಎಷ್ಟೋ ಜನ ನನ್ನನ್ನು “ಕೋಳಿ ಸಾಕೋದು ಹೇಗೆ ರೀ? ನಾವೂ ಶುರು ಮಾಡಬೇಕು ಅಂತಿದ್ದೇವೆ” ಎಂದು ಕೇಳುತ್ತಿರುತ್ತಾರೆ. ಸಂಪಾದಕರು ಅದನ್ನೇ ಬರೆದುಕೊಡಿ ಎಂದಾಗ ಒಪ್ಪಿಕೊಂಡೆ. ಆದರೆ ನಾನೇನೂ ಪರಿಣಿತಳಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವಳು. ನಾನು ಮಾಡಿದ ತಪ್ಪುಗಳನ್ನು ನೀವು ಮಾಡದಿದ್ದರೆ ನಿಮ್ಮ ಕೋಳಿಗಳ ಪುಣ್ಯ.

ನಮ್ಮೂರು ಮಳವಳ್ಳಿಯ ಹತ್ತಿರ. ಅವ್ವ ಯಾವಾಗಲೂ ಹದಿನೈದಿಪ್ಪತ್ತು ನಾಟಿ ಕೋಳಿ ಸಾಕಿರುತ್ತಿದ್ದಳು. ಹೊಲದ ದುಡ್ಡು ಅಪ್ಪನದು, ಮೊಟ್ಟೆಯ ದುಡ್ಡು ಅವ್ವನದು. ನಮ್ಮ ನೋಟ್‌ಬುಕ್ಕು, ಪೆನ್ನು, ಬಳೆ, ರಿಬ್ಬನ್ನು ಎಲ್ಲ ಆ ಮೊಟ್ಟೆ ದುಡ್ಡಿನಲ್ಲೇ ಬರುತ್ತಿದ್ದವು. ಸಂಜೆ ಹೊತ್ತು ಮುಳುಗುವ ಮುಂಚೆ ಕೋಳಿಗಳನ್ನು ಎಣಿಸಿ ಮಂಕರಿ ಕವುಚಿ, ಅದರ ಮೇಲೊಂದು ಕಲ್ಲು ಹೇರುವುದು ನನ್ನ ಕೆಲಸ. ಒಂದು ಕಡಿಮೆಯಾದರೂ ಬೇಲಿ ಸಂದಿಯಲ್ಲೆಲ್ಲ ಹುಡುಕಿ ತರದೆ ನನಗೆ ಊಟವಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

2020ರ ಲಾಕ್‌ಡೌನ್ ಹೊತ್ತಿಗೆ ಇಲ್ಲಿ ನ್ಯೂಕ್ಯಾಸಲ್‌ನಲ್ಲಿ ಅಂಗಡಿಗಳ ಮೊಟ್ಟೆಯ ಕಪಾಟುಗಳು ಖಾಲಿಯಾಗಿದ್ದುದು ನಿಮಗೆಲ್ಲ ನೆನಪಿರಬಹುದು. ಆಗ ಒಂಬತ್ತು ವರ್ಷದ ನನ್ನ ಮಗಳು, “ಅಮ್ಮ, ಅಜ್ಜಿ ಮನೇಲಿ ಹಿತ್ತಲಲ್ಲೇ ಸಿಗುತ್ತಲ್ಲ, ನಮ್ಮನೇಲಿ ಯಾಕಿಲ್ಲ?” ಎಂದು ಕೇಳಿದಳು. ಹುಡುಕಲು ಹೊರಟರೆ ದೇಶಕ್ಕೆ ದೇಶವೇ ಇದೇ ಪ್ರಶ್ನೆ ಕೇಳಿಕೊಂಡಂತಿತ್ತು. ಎಲ್ಲಿ ವಿಚಾರಿಸಿದರೂ ಕೋಳಿ ಇಲ್ಲ, ಕಾಯುವವರ ಪಟ್ಟಿಯೇ ಉದ್ದ. ಒಂದು ವರ್ಷ ಕಾಯಬೇಕಾಯಿತು. ಅದೇ ಒಳ್ಳೆಯದಾಯಿತು ಎನ್ನಿ, ಓದಿಕೊಳ್ಳಲು ಸಮಯ ಸಿಕ್ಕಿತು.

ಮೊದಲ ತೊಡಕು ಮನೆಯ ಪತ್ರದಲ್ಲಿ ಬಂತು. ನಮ್ಮ ಬಡಾವಣೆಯ ಪತ್ರಗಳಲ್ಲಿ “ಕೋಳಿ ಸಾಕುವಂತಿಲ್ಲ” ಎಂಬ ಸಾಲಿದೆ. ನಿಮ್ಮ ಮನೆಯ ಪತ್ರದಲ್ಲೂ ಇದ್ದೀತು, ತೆಗೆದು ನೋಡಿ. ನಾನು ಆಸೆ ಬಿಟ್ಟಿದ್ದೆ. ಕೊನೆಗೆ ತಿಳಿದದ್ದು, 1950ರ ಅಲಾಟ್‌ಮೆಂಟ್ಸ್ ಕಾಯ್ದೆಯ 12ನೆಯ ವಿಧಿಯ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಹೆಂಟೆ ಮತ್ತು ಮೊಲ ಸಾಕಿಕೊಳ್ಳುವ ಹಕ್ಕು ನೆಲದಲ್ಲಿ ವಾಸವಿರುವವನಿಗೆ ಇದೆ! ಯುದ್ಧ ಮುಗಿದು ಐದು ವರ್ಷವಾಗಿದ್ದರೂ ಊಟ ಇನ್ನೂ ರೇಷನ್ನಿನಲ್ಲಿದ್ದ ಕಾಲದ ಕಾಯ್ದೆ ಅದು. ಆದರೆ ಗಲೀಜು ಮಾಡಿ ಅಕ್ಕಪಕ್ಕದವರಿಗೆ ತೊಂದರೆ ಕೊಟ್ಟರೆ ಈ ರಕ್ಷಣೆ ಇಲ್ಲ. ಇನ್ನು ಕಾಯ್ದೆಯಲ್ಲಿರುವ ಮಾತು ಹೆಂಟೆ, ಹುಂಜ ಅಲ್ಲ. ಬೆಳಗಿನ ನಾಲ್ಕಕ್ಕೆ ಕೂಗುವ ಹುಂಜವನ್ನು ಇಲ್ಲಿ ಯಾವ ನೆರೆಯವರೂ ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ. ಕಾಯ್ದೆ ನಮ್ಮ ಕಡೆಗಿದ್ದರೂ ನಾನು ಎರಡೂ ಪಕ್ಕದ ಮನೆಯವರನ್ನು ಚಹಾಕ್ಕೆ ಕರೆದು ಮೊದಲೇ ಹೇಳಿದೆ. ಈಗ ಅವರಿಗೆ ಮೊಟ್ಟೆ ಹೋಗುತ್ತದೆ, ಅಲ್ಲಿಂದ ನಮಗೆ ರಾಸ್ಪ್‌ಬೆರಿ ಜಾಮ್ ಬರುತ್ತದೆ.

“ಹುಂಜ ಇಲ್ಲದೆ ಮೊಟ್ಟೆ ಹೇಗೆ?” ಎಂದು ನಮ್ಮ ಸಂಘದಲ್ಲೇ ಎಂಜಿನಿಯರುಗಳು, ಡಾಕ್ಟರುಗಳು ಕೇಳಿದ್ದಾರೆ. ಸ್ವಾಮಿ, ಹೆಂಟೆ ಇಡುವುದಕ್ಕೆ ಹುಂಜ ಬೇಡ, ಮರಿಯಾಗುವುದಕ್ಕೆ ಬೇಕು ಅಷ್ಟೆ.

ನಮ್ಮ ಮನೆಯವರು ದಾವಣಗೆರೆಯವರು. ಅವರ ಮನೆಯಲ್ಲಿ ಮೊಟ್ಟೆ ಹೊಸಿಲು ದಾಟುವಂತಿಲ್ಲ. ಇವರೂ ಇವತ್ತಿನವರೆಗೆ ಬಾಯಿಗೆ ಹಾಕಿದವರಲ್ಲ. ಆದರೆ ಗೂಡು ಕಟ್ಟಿದವರು ಅವರೇ, ಅದೂ ಎರಡು ವಾರಾಂತ್ಯ ಮಳೆಯಲ್ಲಿ ನೆನೆದುಕೊಂಡು. ಅಂಗಡಿಯಲ್ಲಿ ಸಿಗುವ ಗೊಂಬೆ ಮನೆಯಂಥ ಗೂಡುಗಳು ನೋಡಲು ಚೆಂದ, “ಆರು ಕೋಳಿಗೆ” ಎಂದು ಬರೆದಿದ್ದರೆ ಮೂರಕ್ಕೆ ಎಂದು ತಿಳಿಯಿರಿ. ಕೋಳಿ ರಾತ್ರಿ ನೆಲದಲ್ಲಿ ಮಲಗುವುದಿಲ್ಲ, ಅಡ್ಡಕೋಲಿನ ಮೇಲೆ ಕೂರುತ್ತದೆ. ಒಂದೊಂದಕ್ಕೆ ಸುಮಾರು 25 ಸೆಂಟಿಮೀಟರ್ ಕೋಲು ಬೇಕು. ಮೂರು ನಾಲ್ಕು ಹೆಂಟೆಗೆ ಮೊಟ್ಟೆ ಇಡುವ ಪೆಟ್ಟಿಗೆ ಒಂದು ಸಾಕು, ಎರಡಿಟ್ಟರೂ ಎಲ್ಲವೂ ಒಂದಕ್ಕೇ ಕ್ಯೂ ನಿಲ್ಲುತ್ತವೆ. ಅಡ್ಡಕೋಲು ಮಾತ್ರ ಆ ಪೆಟ್ಟಿಗೆಗಿಂತ ಎತ್ತರದಲ್ಲಿರಲಿ. ಕೋಳಿ ಎತ್ತರದ ಜಾಗ ಹುಡುಕಿ ಮಲಗುವ ಪ್ರಾಣಿ. ನಾವು ಮೊದಲು ಉಲ್ಟಾ ಮಾಡಿದ್ದೆವು. ಎಲ್ಲವೂ ಪೆಟ್ಟಿಗೆಯಲ್ಲೇ ಮಲಗಿ ಅಲ್ಲೇ ಹಿಕ್ಕೆ ಹಾಕಿ, ಬೆಳಿಗ್ಗೆ ಮೊಟ್ಟೆ ಎತ್ತುವುದೆಂದರೆ ಹೇಸಿಗೆಯಾಗುತ್ತಿತ್ತು. ಹಾಗೆಯೇ ಗೂಡಿನ ಮೇಲ್ಭಾಗದಲ್ಲಿ ಗಾಳಿಯಾಡಲು ಕಿಂಡಿ ಇರಬೇಕು. ಚಳಿಯೆಂದು ಎಲ್ಲ ಮುಚ್ಚಬೇಡಿ. ಕೋಳಿ ಚಳಿ ತಡೆಯುತ್ತದೆ, ತೇವ ತಡೆಯುವುದಿಲ್ಲ.

ಇನ್ನು ಸುತ್ತಲಿನ ಬಲೆ. ‘ಚಿಕನ್ ವೈರ್’ ಎಂದು ಮಾರುವ ಆರು ಮೂಲೆಯ ತೆಳ್ಳನೆಯ ತಂತಿ ಬಲೆ ಕೋಳಿಯನ್ನು ಒಳಗಿಡುತ್ತದೆ, ನರಿಯನ್ನು ಹೊರಗಿಡುವುದಿಲ್ಲ. ನರಿ ಅದನ್ನು ಹಲ್ಲಿನಲ್ಲಿ ಹರಿಯುತ್ತದೆ. ಚೌಕದ ಬೆಸುಗೆ ಬಲೆಯನ್ನೇ ಹಾಕಿ, ಕೆಳಗೆ ಒಂದಡಿ ನೆಲಕ್ಕೆ ಹೂತಿಡಿ ಅಥವಾ ಹೊರಮುಖವಾಗಿ ನೆಲದ ಮೇಲೆ ಹಾಸಿ ಕಲ್ಲು ಹೇರಿ. ಇದನ್ನೆಲ್ಲ ನಮ್ಮವರು ಅಚ್ಚುಕಟ್ಟಾಗಿ ಮಾಡಿದರು. ಗೂಡಿನಲ್ಲಿ ಕೊರತೆ ಇರಲಿಲ್ಲ.

ನಾಲ್ಕು ಹೆಂಟೆ ತಂದೆವು. ಎರಡು ಕಂದು ಬಣ್ಣದ ವಾರೆನ್, ಒಂದು ಬೂದು ಬಣ್ಣದ ಬ್ಲೂಬೆಲ್, ಒಂದು ಲೈಟ್ ಸಸೆಕ್ಸ್. ಎಲ್ಲವೂ ಹದಿನೆಂಟು ವಾರದ ಹ್ಯಾಟೆಗಳು, ಇನ್ನೇನು ಮೊಟ್ಟೆಗೆ ಬರುವ ವಯಸ್ಸು. ಹೊಸಬರು ಮರಿ ತರುವುದು ಬೇಡ, ಈ ವಯಸ್ಸಿನವೇ ವಾಸಿ. ಮರಿಗಳಿಗೆ ಬಿಸಿದೀಪ ಬೇಕು, ಅವುಗಳಲ್ಲಿ ಅರ್ಧ ಹುಂಜಗಳಾಗಿ ಬಿಟ್ಟರೆ ಏನು ಮಾಡುತ್ತೀರಿ? ಒಂಟಿ ಕೋಳಿಯನ್ನೂ ತರಬೇಡಿ, ಅದು ಕೊರಗುತ್ತದೆ. ಕಡಿಮೆಯೆಂದರೆ ಮೂರು. ಮಗಳು ಕೆಂಪಿ, ರಂಗಿ, ನೀಲಿ, ಮಲ್ಲಿಗೆ ಎಂದು ಹೆಸರಿಟ್ಟಳು. ಅವ್ವನಿಗೆ ಇದು ಸುತರಾಂ ಹಿಡಿಸಲಿಲ್ಲ. “ಎಸರಿಟ್ರೆ ನಾಳೆ ಕುಯ್ಯೋದೆಂಗೆ?” ಎಂದಳು. ಕುಯ್ಯುವುದಿಲ್ಲವವ್ವ ಎಂದರೆ, ಹಾಗಾದರೆ ಮುದಿಯಾದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದಳು. ಶುರು ಮಾಡುವವರೆಲ್ಲ ಮೊದಲೇ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಇದು. ಹೆಂಟೆ ಆರೆಂಟು ವರ್ಷ ಬದುಕಬಹುದು, ಆದರೆ ಈ ಜಾತಿಗಳು ಜೋರಾಗಿ ಇಡುವುದು ಮೊದಲ ಎರಡು ಮೂರು ವರ್ಷ. ಆಮೇಲೆ ಅವು ಪಿಂಚಣಿದಾರರು. ನಮ್ಮ ಮನೆಯಲ್ಲಿ ಪಿಂಚಣಿ ಕೊಡುವುದೆಂದು ತೀರ್ಮಾನವಾಯಿತು.

ಮೊದಲ ಸಂಜೆ ಅವು ಗೂಡಿನೊಳಗೆ ಹೋಗಲೇ ಇಲ್ಲ. ಗೂಡು ತಮ್ಮದೆಂದು ಅವಕ್ಕೆ ಹೇಗೆ ಗೊತ್ತಾಗಬೇಕು? ಟಾರ್ಚ್ ಹಿಡಿದು ಒಂದೊಂದನ್ನೇ ಎತ್ತಿ ಒಳಗೆ ಕೂರಿಸಿದೆವು. ಮೂರು ದಿನ ಹೊರಗೆ ಸುತ್ತಾಡಲು ಬಿಡದೆ ಬಲೆಯೊಳಗೇ ಇಟ್ಟ ಮೇಲೆ, ಕತ್ತಲಾಗುತ್ತಿದ್ದಂತೆ ತಾವೇ ಸಾಲಾಗಿ ಹತ್ತತೊಡಗಿದವು. ಮೇ ತಿಂಗಳ ಎರಡನೆಯ ವಾರ ಕೆಂಪಿ ಮೊದಲ ಮೊಟ್ಟೆ ಇಟ್ಟಳು. ಗುಬ್ಬಚ್ಚಿ ಮೊಟ್ಟೆಗಿಂತ ಸ್ವಲ್ಪ ದೊಡ್ಡದು ಎನ್ನಬಹುದು! ಮಗಳು ಅದನ್ನು ಹತ್ತಿಯಲ್ಲಿ ಸುತ್ತಿ ಸ್ಕೂಲಿಗೆ ಒಯ್ದಳು.

ಆಹಾರದ ವಿಷಯದಲ್ಲಿ ನಮ್ಮವರೆಲ್ಲ ಎಡವುವ ಒಂದು ಜಾಗವಿದೆ. ನಾವು ಊರಿನಲ್ಲಿ ಕೋಳಿಗೆ ಏನು ಹಾಕುತ್ತೇವೆ? ಉಳಿದ ಅನ್ನ, ಮುದ್ದೆಯ ಸೀಕು, ತರಕಾರಿ ಸಿಪ್ಪೆ, ಮುಸುರೆ. ಈ ದೇಶದಲ್ಲಿ ಅಡುಗೆಮನೆಯ ಮೂಲಕ ಹಾದುಬಂದ ಯಾವುದನ್ನೂ ಕೋಳಿಗೆ ಹಾಕುವುದು ಕಾನೂನಿಗೆ ವಿರುದ್ಧ. ನಾಲ್ಕೇ ಕೋಳಿ ಇದ್ದರೂ, ಬರೀ ಮುದ್ದಿಗೆ ಸಾಕಿದ್ದರೂ ಅದೇ ನಿಯಮ. ಮನೆ ಪೂರ್ತಿ ವೀಗನ್ ಆಗಿದ್ದರೆ ಮಾತ್ರ ವಿನಾಯಿತಿ. ನಮ್ಮವರು “ನಾನು ಶುದ್ಧ ಸಸ್ಯಾಹಾರಿ” ಎಂದು ಎದೆ ತಟ್ಟಿಕೊಂಡರೂ ಪ್ರಯೋಜನವಿಲ್ಲ, ಮನೆಯಲ್ಲಿ ಹಾಲು ಮೊಸರು ತುಪ್ಪ ಇದೆಯಲ್ಲ! ಈ ಬಿಗಿ ಸುಮ್ಮನೆ ಬಂದದ್ದಲ್ಲ. 2001ರ ಕಾಲುಬಾಯಿ ಜ್ವರದ ಮೂಲವೆಂದು ತನಿಖೆಯಲ್ಲಿ ಗುರುತಿಸಿದ್ದು ನಮ್ಮ ನ್ಯೂಕ್ಯಾಸಲ್‌ಗೆ ಹತ್ತಿರದ ಹೆಡ್ಡನ್-ಆನ್-ದಿ-ವಾಲ್ ಊರಿನ ಒಂದು ಹಂದಿ ಸಾಕಣೆಯನ್ನು. ಅಲ್ಲಿ ಸರಿಯಾಗಿ ಬೇಯಿಸದ ಮುಸುರೆ ಹಾಕುತ್ತಿದ್ದರು. ಆ ವರ್ಷ ಈ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದು ಹಾಕಬೇಕಾಯಿತು. ಅವ್ವನಿಗೆ ವಿವರಿಸಿದೆ. ಅವಳು ಅರ್ಥಮಾಡಿಕೊಂಡದ್ದು ಇಷ್ಟು: “ಮುಸ್ರೆ ಹಾಕುದ್ರೆ ನಿಮ್ಮೂರಲ್ಲಿ ಪೊಲೀಸ್ನೋರು ಬತ್ತಾರೆ.”

ಹಾಗಾಗಿ ಲೇಯರ್ಸ್ ಪೆಲ್ಲೆಟ್ ಎಂಬ ಸಿದ್ಧ ಆಹಾರವೇ ಗತಿ. ಒಂದಕ್ಕೆ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಜೊತೆಗೆ ಅರೆಯಲು ಸಣ್ಣ ಹರಳು, ಸಿಪ್ಪೆ ಗಟ್ಟಿಯಾಗಲು ಕಪ್ಪೆಚಿಪ್ಪಿನ ಚೂರು, ಯಾವಾಗಲೂ ಶುದ್ಧ ನೀರು. ತೋಟದಿಂದ ನೇರವಾಗಿ ಕಿತ್ತ ಸೊಪ್ಪು ಕೊಡಬಹುದು, ಅಡುಗೆಮನೆಗೆ ಹೋಗಿ ಬರಬಾರದು ಅಷ್ಟೆ. ನಾನು ಹಿತ್ತಲಲ್ಲಿ ಬೆಳೆದ ದಂಟಿನ ಸೊಪ್ಪನ್ನು ಗಿಡದ ಬುಡದಲ್ಲೇ ನಿಂತು ಎರಡು ಪಾಲು ಮಾಡುತ್ತೇನೆ, ಒಂದು ಹುಳಿಗೆ, ಒಂದು ಕೋಳಿಗೆ. ರಾತ್ರಿ ಆಹಾರದ ಡಬ್ಬಿ ಒಳಗೆತ್ತಿಡಿ, ಇಲ್ಲವಾದರೆ ಇಲಿಗಳನ್ನೂ ಸಾಕಿದಂತಾಗುತ್ತದೆ.

ಬೇಸಿಗೆಯಲ್ಲಿ ಕೆಂಪು ಹೇನಿನ ಕಾಟ. ‘ರೆಡ್ ಮೈಟ್’ ಎನ್ನುತ್ತಾರೆ. ಹಗಲು ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಅಡ್ಡಕೋಲಿನ ತುದಿಯನ್ನು ಬಿಳಿ ಕಾಗದದಿಂದ ಒರೆಸಿ ನೋಡಿ, ಕೆಂಪು ಗೀಚು ಬಿದ್ದರೆ ಬಂದಿದೆ ಎಂದೇ ಅರ್ಥ. ಅಂದೇ ಗೂಡನ್ನು ಬಿಚ್ಚಿ ಸಂದಿಸಂದಿ ತೊಳೆಯಬೇಕು. ಇದಲ್ಲದೆ ಮೈ ಹೇನು ಬೇರೆ. ಅದಕ್ಕೆ ಕೋಳಿಗಳದೇ ಮದ್ದಿದೆ, ಒಣ ಮಣ್ಣಿನಲ್ಲಿ ಹೊರಳಾಡಿ ಮೈ ಕೊಡವುತ್ತವೆ. ಮಳೆ ಬೀಳದ ಮೂಲೆಯಲ್ಲಿ ಒಣ ಮಣ್ಣು, ಸ್ವಲ್ಪ ಸೌದೆ ಬೂದಿ ಇಟ್ಟುಕೊಡಿ.

ಖರ್ಚು ಕೇಳುವಿರಾ? ಮೊದಲ ವರ್ಷ ಮರ, ಬಲೆ, ಕೋಳಿ, ಆಹಾರ ಎಲ್ಲ ಸೇರಿ ನಮಗೆ 450 ಪೌಂಡ್ ಆಯಿತು. ಸಿಕ್ಕಿದ್ದು 500 ಮೊಟ್ಟೆ. ಒಂದಕ್ಕೆ ತೊಂಬತ್ತು ಪೆನ್ನಿ! ಮೊಟ್ಟೆಯನ್ನೇ ತಿನ್ನದ ನಮ್ಮವರು ಈ ಲೆಕ್ಕವನ್ನು ಬಂದವರಿಗೆಲ್ಲ ಹೇಳಿ ನಗುತ್ತಾರೆ. ಉಳಿತಾಯಕ್ಕೆಂದು ಸಾಕುವವರು ಖಂಡಿತ ಸಾಕಬೇಡಿ.

ಈಗ ನವೆಂಬರ್‌ಗೆ ಬರುತ್ತೇನೆ. ಬರೆಯಲು ಮನಸ್ಸಿಲ್ಲ, ಆದರೆ ಇದನ್ನು ಬಿಟ್ಟರೆ ಮಿಕ್ಕಿದ್ದನ್ನು ಬರೆದು ಉಪಯೋಗವಿಲ್ಲ.

2021ರ ನವೆಂಬರ್ 6, ಶನಿವಾರ. ಕೋವಿಡ್ ಆದ ಮೇಲೆ ನಾವೆಲ್ಲ ಸಭಾಂಗಣದಲ್ಲಿ ಸೇರಿದ ಮೊದಲ ದೀಪಾವಳಿ-ರಾಜ್ಯೋತ್ಸವ. ಮಗಳ ಕೋಲಾಟವಿತ್ತು, ನಾನು ಅಡುಗೆಯ ತಂಡದಲ್ಲಿದ್ದೆ. ಮಧ್ಯಾಹ್ನ ಎರಡಕ್ಕೆ ಮನೆ ಬಿಟ್ಟೆವು. ಹಿಂದಿನ ಭಾನುವಾರವಷ್ಟೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ನ್ಯೂಕ್ಯಾಸಲ್‌ನಲ್ಲಿ ಆ ವಾರ ನಾಲ್ಕೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅಕ್ಟೋಬರಿನಲ್ಲಿ ಆಫೀಸು ಮುಗಿಸಿ ಬಂದು ಆರಕ್ಕೆ ಬಾಗಿಲು ಹಾಕುತ್ತಿದ್ದ ನನ್ನ ತಲೆಯಲ್ಲಿ ಇನ್ನೂ ಅದೇ ಲೆಕ್ಕ ಕೂತಿತ್ತು. “ಯಾರಾದರೊಬ್ಬರು ಸಂಜೆ ಬಂದು ಮುಚ್ಚಿ ಹೋದರಾಯಿತು” ಎಂದು ನಾನಂದುಕೊಂಡೆ, ನಮ್ಮವರೂ ಅಂದುಕೊಂಡರು. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಿಸಿಬೇಳೆಬಾತು ಬಡಿಸುವ ಗದ್ದಲದಲ್ಲಿ ಮರೆತೇ ಹೋಯಿತು. ರಾತ್ರಿ ಹತ್ತಕ್ಕೆ ಕಾರು ನಿಲ್ಲಿಸಿದಾಗ, ಸೀರೆಯುಟ್ಟ ಮಗಳು ಹಿಂದಿನ ಸೀಟಿನಿಂದ ಕೇಳಿದಳು, “ಅಮ್ಮ, ಬಾಗಿಲು ಯಾರು ಹಾಕಿದ್ದು?”

ಹುಲ್ಲಿನ ಮೇಲೆಲ್ಲ ಪುಕ್ಕ. ಬಿಳಿ, ಬೂದು, ಕಂದು. ನರಿ ಹೊಟ್ಟೆಗೆ ಬೇಕಾದಷ್ಟೇ ಕೊಲ್ಲುವುದಿಲ್ಲ, ಗೂಡಿಗೆ ನುಗ್ಗಿತೆಂದರೆ ಸಿಕ್ಕಿದ್ದನ್ನೆಲ್ಲ ಕೊಂದು ಒಂದೊಂದಾಗಿ ಹೊತ್ತೊಯ್ಯುತ್ತದೆ. ಕಾಂಪೋಸ್ಟ್ ಡಬ್ಬಿಯ ಹಿಂದೆ, ಬೇಲಿಯ ಹಲಗೆಗೆ ಒತ್ತಿಕೊಂಡು ಕೆಂಪಿಯೊಬ್ಬಳೇ ಕೂತಿದ್ದಳು. ಬೆನ್ನಿನ ಪುಕ್ಕ ಕಿತ್ತುಹೋಗಿತ್ತು, ಗಾಯ ಆಳವಿರಲಿಲ್ಲ. ಮಗಳು ನನ್ನ ಮುಖ ನೋಡಲಿಲ್ಲ. ಕೆಂಪಿಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನವೂ ನನ್ನೊಡನೆ ಮಾತಿಲ್ಲ.

ಅವ್ವನಿಗೆ ಎರಡು ದಿನ ಫೋನ್ ಮಾಡಲಿಲ್ಲ. ಮಂಕರಿ ಕವುಚುವುದನ್ನು ನನಗೆ ಐದನೆಯ ವಯಸ್ಸಿಗೇ ಕಲಿಸಿದವಳು ಅವಳು, ಏನೆಂದು ಹೇಳಲಿ? ಮೂರನೆಯ ದಿನ ಅವಳೇ ಮಾಡಿದಳು. ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ಓಗ್ಲಿ ಬುಡು ಮಗ. ನಂಗೂ ಒಂದ್ಸಲ ಇಂಗೇ ಆಗಿತ್ತು. ನೀನು ಮೈಸೂರ್ಗೆ ಓದಕ್ಕೋದ ವರ್ಸ. ಆಸ್ಟೆಲ್ಲಿಗೆ ಕಟ್ಟಕೆ ಅಂತ ಇಪ್ಪತ್ತು ಕೋಳಿ ಮಾರ್ದೆ ಮಡಗಿದ್ದೆ, ಮಾರಿಹಬ್ಬಕ್ಕೆ ಒಳ್ಳೆ ರೇಟು ಬತ್ತದೆ ಅಂತ. ಕೊಕ್ಕರೆ ರೋಗ ಬಂದು ಮೂರೇ ದಿನ್ಕೆ ಎಲ್ಲಾ ಕತ್ತು ತಿರುಚ್ಕೊಂಡು ಬಿದ್ವು. ಸೂಜಿ ಹಾಕ್ಸು ಅಂತ ಡಾಕ್ಟ್ರು ಅಂದಿದ್ರು, ನಾಳೆ ನಾಳೆ ಅಂತ ನಾನೇ ಹಾಕ್ಸಿರ್ನಿಲ್ಲ.”

“ಮತ್ತೆ ಹಾಸ್ಟೆಲ್ ದುಡ್ಡು?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ವಾಲೆ ಕೊಟ್ಟೆ.”

1993ರ ಜೂನ್‌ನಲ್ಲಿ ನನ್ನನ್ನು ಬಸ್ಸು ಹತ್ತಿಸಲು ಬಂದಾಗ ಅವ್ವನ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು. ಕೆಂಪಿನ ವಾಲೆ ಎಲ್ಲಿ ಎಂದು ಕೇಳಿದ್ದೆ. ನಾಲೆಯಲ್ಲಿ ಬಟ್ಟೆ ಒಗೆಯುವಾಗ ಒಂದು ಬಿದ್ದುಹೋಯಿತು, ಇನ್ನೊಂದನ್ನು ಎತ್ತಿಟ್ಟಿದ್ದೇನೆ ಎಂದಿದ್ದಳು. ಇಪ್ಪತ್ತೆಂಟು ವರ್ಷ ನಾನು ಅದನ್ನೇ ನಂಬಿಕೊಂಡಿದ್ದೆ. ಸಂಬಳ ಬಂದ ಮೇಲೆ ಬೇರೆ ವಾಲೆ ಮಾಡಿಸಿಕೊಡುವಾಗ, “ನಾಲೆಗೆ ಹಾಕಿಕೊಂಡು ಹೋಗಬೇಡ” ಎಂದು ಬುದ್ಧಿಯನ್ನೂ ಹೇಳಿದ್ದೆ.

ಆ ರಾತ್ರಿ ನಿದ್ದೆ ಬರದೆ ಕೊಕ್ಕರೆ ರೋಗದ ಬಗ್ಗೆ ಓದುತ್ತಾ ಕೂತೆ. ನಮ್ಮ ದೇಶದಲ್ಲಿ ಅದಕ್ಕೆ ರಾಣಿಖೇತ್ ರೋಗ ಎಂದೂ ಹೆಸರು, ಹಿಮಾಲಯದ ಆ ಊರಿನಲ್ಲಿ ಮೊದಲು ಗುರುತಿಸಿದ್ದರಿಂದ. ಪ್ರಪಂಚದ ಮಿಕ್ಕೆಲ್ಲ ಕಡೆ ಅದರ ಹೆಸರು ನ್ಯೂಕ್ಯಾಸಲ್ ರೋಗ. 1926ರಲ್ಲಿ ಇದೇ ನಮ್ಮ ಟೈನ್ ನದಿಯ ದಂಡೆಯ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿಕೊಂಡಿದ್ದರಿಂದ ಆ ಹೆಸರು. ಅವ್ವನ ವಾಲೆ ತಿಂದ ರೋಗದ ಊರಿನಲ್ಲೇ ಹದಿನಾರು ವರ್ಷದಿಂದ ಮನೆ ಮಾಡಿಕೊಂಡಿದ್ದೇನೆ, ಗೊತ್ತೇ ಇರಲಿಲ್ಲ! ನೀವು ಕೋಳಿ ತರುವಾಗ ಈ ರೋಗಕ್ಕೆ ಲಸಿಕೆ ಹಾಕಿಸಿದ್ದಾರೆಯೇ ಎಂದು ಮಾರುವವರನ್ನು ತಪ್ಪದೆ ಕೇಳಿ. ನಮ್ಮವಕ್ಕೆ ಹಾಕಿಸಿದ್ದರು.

ಅವ್ವ ಹೇಳಿದ್ದ ಇನ್ನೊಂದು ಮಾತೆಂದರೆ, “ಉಳ್ದಿರೋದ್ನ ಒಂಟಿ ಬುಡ್ಬ್ಯಾಡ.” ಹತ್ತು ದಿನ ಬಿಟ್ಟು ಎರಡು ಹೊಸ ಹ್ಯಾಟೆ ತಂದೆವು. ಮಗಳು ಜೊತೆಗೆ ಬಂದಳು, ಕಾರಿನಲ್ಲಿ ಅವುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಸಲ ನನ್ನೊಡನೆ ಸಲೀಸಾಗಿ ಮಾತಾಡಿದಳು. ಹೊಸವನ್ನು ಒಮ್ಮೆಗೇ ಹಳೆಯದರ ಜೊತೆ ಬಿಡಬೇಡಿ, ಕುಟ್ಟಿ ಸಾಯಿಸಿಬಿಡುತ್ತವೆ. ನಡುವೆ ಬಲೆ ಕಟ್ಟಿ ಒಂದೆರಡು ವಾರ ಮುಖ ನೋಡಿಕೊಳ್ಳಲು ಬಿಟ್ಟು, ಆಮೇಲೆ ಕತ್ತಲಲ್ಲಿ ಪಕ್ಕಪಕ್ಕ ಕೂರಿಸಿ. ಅಷ್ಟು ಮಾಡಿದರೂ ಕೆಂಪಿ ಹೊಸ ಸೊಸೆಯರನ್ನು ಒಂದು ತಿಂಗಳು ಗೋಳು ಹೊಯ್ದುಕೊಂಡಳು.

ಅಷ್ಟರಲ್ಲಿ ಹಕ್ಕಿಜ್ವರ. ನವೆಂಬರ್ 29ರಿಂದ ದೇಶದ ಎಲ್ಲ ಕೋಳಿಗಳೂ ಮುಚ್ಚಿದ ಜಾಗದೊಳಗೇ ಇರಬೇಕೆಂದು ಸರ್ಕಾರ ಆಜ್ಞೆ ಮಾಡಿತು, ತೆಗೆದದ್ದು 2022ರ ಮೇ 2ಕ್ಕೆ. ಇಂಗ್ಲೆಂಡಿನಲ್ಲಿ ಅದೇ ನವೆಂಬರ್ 7ರಿಂದ 2023ರ ಏಪ್ರಿಲ್ 18ರವರೆಗೆ ಮತ್ತೆ ಅದೇ ಕಥೆ. ಕಾಡುಹಕ್ಕಿಗಳ ಹಿಕ್ಕೆ ಒಳಗೆ ಬೀಳದಂತೆ ಮೇಲೆ ತಗಡಿನ ಮಾಡು, ಬಾಗಿಲಲ್ಲಿ ಬೂಟು ಅದ್ದಲು ಔಷಧದ ನೀರು. ಆದ್ದರಿಂದ ಬಲೆಯ ಅಂಗಳವನ್ನು ಮೊದಲೇ ದೊಡ್ಡದಾಗಿ, ಮೇಲೆ ಮಾಡು ಹಾಕುವಂತೆ ಕಟ್ಟಿ. ಐದು ತಿಂಗಳು ಅದರಲ್ಲೇ ಕಳೆಯಬೇಕಾಗಿ ಬರಬಹುದು. ಅಲ್ಲದೆ 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದೇ ಒಂದು ಕೋಳಿ ಇದ್ದರೂ ಸರ್ಕಾರದಲ್ಲಿ ನೋಂದಾಯಿಸುವುದು ಕಡ್ಡಾಯ. ಸ್ಕಾಟ್ಲೆಂಡಿನಲ್ಲಿ ಅದಕ್ಕೂ ಒಂದು ತಿಂಗಳು ಮೊದಲೇ ಜಾರಿಗೆ ಬಂತು. ದುಡ್ಡೇನೂ ಇಲ್ಲ, ಕೂತಲ್ಲೇ ಮುಗಿಯುತ್ತದೆ. ಮುಂಚೆ 50ಕ್ಕಿಂತ ಕಡಿಮೆ ಇದ್ದವರು ಮಾಡಬೇಕಾಗಿರಲಿಲ್ಲವಾದ್ದರಿಂದ ಹಳಬರು ಎಷ್ಟೋ ಜನ ಇನ್ನೂ ಮಾಡಿಸಿಲ್ಲ. ಅಂಥವರು ಈ ಲೇಖನ ಬದಿಗಿಟ್ಟು ಮೊದಲು ಅದನ್ನು ಮಾಡಿ.

ಗೂಡಿಗೆ ಈಗ ಬೆಳಕು ನೋಡಿ ತಾನೇ ಮುಚ್ಚಿಕೊಳ್ಳುವ ಬ್ಯಾಟರಿ ಬಾಗಿಲಿದೆ. ಮೊದಲ ಖರ್ಚು ಅದಕ್ಕೇ ಮಾಡಬೇಕಿತ್ತು. ಆದರೂ ಮಗಳು ದಿನಾ ಸಂಜೆ ಹೋಗಿ ಎಣಿಸಿ ಬರುತ್ತಾಳೆ. ಪ್ರತಿ ಸಲ ಅಜ್ಜಿಯ ಫೋನ್ ಬಂದಾಗ ಅವಳೇ ಮೊದಲು ಲೆಕ್ಕ ಒಪ್ಪಿಸಬೇಕು. ಕನ್ನಡದಲ್ಲಿ ನೂರರವರೆಗೆ ಎಣಿಸಲು ಕನ್ನಡ ಕಲಿ ತರಗತಿಯಲ್ಲಿ ಒದ್ದಾಡುತ್ತಿದ್ದವಳಿಗೆ ಈಗ ಹ್ಯಾಟೆ, ಹೆಂಟೆ, ಕಾವು, ಗರಿ ಎಲ್ಲ ಬಾಯಲ್ಲೇ ಇದೆ, ಅದೂ ಅಪ್ಪಟ ಮಳವಳ್ಳಿಯ ರಾಗದಲ್ಲಿ. ಅವರಪ್ಪ ಮಾತ್ರ ದಾವಣಗೆರೆಯ ಪರವಾಗಿ ಗೊಣಗುತ್ತಾರೆ.

ಮೊಟ್ಟೆ ಬೇಕಾದವರು ಖಾಲಿ ಡಬ್ಬಿ ಹಿಡಿದು ಬನ್ನಿ, ಗೂಡನ್ನೂ ನೋಡಿಕೊಂಡು ಹೋಗಬಹುದು. ಡಿಸೆಂಬರ್, ಜನವರಿಯಲ್ಲಿ ಮಾತ್ರ ಕೇಳಬೇಡಿ. ಹಗಲು ಮೋಟಾದ ಮೇಲೆ ಅವು ಇಡುವುದು ನಿಲ್ಲಿಸುತ್ತವೆ. ಆಗ ನಾವೂ ಅಂಗಡಿಯಿಂದಲೇ ತರುತ್ತೇವೆ, ಕೆಂಪಿಗೆ ಕಾಣದ ಹಾಗೆ ಚೀಲದಲ್ಲಿ ಮುಚ್ಚಿಕೊಂಡು.